ನಡುವೆ ಬಿಟ್ಟ ಹುಲ್ಲು

"ಕ್ಲೆಮ್, ನಿಲ್ಲಿಸಿ."

ಹುಲ್ಲು ಕತ್ತರಿಸುವ ಗಾಡಿಯ ಎದುರಿಗೇ ಹೋಗಿ ನಿಂತಳು ಮೆರಿನ್. ಪಕ್ಕದ ಮನೆಯ ಕ್ಲೆಮ್ ಕೀಲಿ ತಿರುಗಿಸಿದ. ಸದ್ದಡಗಿತು. ಕಣ್ಣು ಕಣ್ಣು ಕೂಡಿದವು. ಅವಳೇ ಮೊದಲು ದೃಷ್ಟಿ ಕಿತ್ತುಕೊಂಡಳು.

ಚಿಕ್ಕಮ್ಮ ಬಿಟ್ಟುಹೋದ ಹಲಗೆಯ ಮನೆ, ಅದರ ಹಿಂದೆ ಕುರಿ ಮೇಯಿಸುವಷ್ಟು ಹಿತ್ತಿಲು. ಮ್ಯಾಲಿ ಎಂಬ ಒಣ ಸೀಮೆಯ, ಗೋಧಿ ಬೆಳೆಯುವ ಆ ಊರಿಗೆ ಅವಳು ಬಂದು ವರ್ಷವಾಗಿತ್ತು. ಒಂಟಿ ಜೀವಕ್ಕೆ ಇಷ್ಟು ಜಾಗ ಯಾಕೆ, ಮಾರಿಬಿಡುತ್ತೇನೆ ಎಂದು ಕ್ಲೆಮ್‌ಗೆ ಒಮ್ಮೆ ಹೇಳಿದ್ದಳು. ಬೇಡ ಅನ್ನುತ್ತಾನೇನೋ ಎಂದು ಒಳಗೊಳಗೇ ಕಾದಿದ್ದಳು.

ಅವನು ಮರುದಿನವೇ ಮನೆ ಮಾರಿಸುವ ಏಜೆಂಟ್ ಹೆಂಗಸನ್ನು ಕರೆತಂದಿದ್ದ.

ನಾನು ತೊಲಗಿದರೆ ಸಾಕಾಗಿದೆ ಇವನಿಗೆ...

ಇವತ್ತು ಕೊಳ್ಳುವವರು ಬರುವ ದಿನ. ಹಿತ್ತಿಲನ್ನೆಲ್ಲ ಒಪ್ಪವಾಗಿ ಕತ್ತರಿಸಿದವನು, ನಟ್ಟನಡುವೆ ದುಂಡಗೆ ಒಂದಷ್ಟು ಹುಲ್ಲನ್ನು ಹಾಗೇ ಬಿಟ್ಟಿದ್ದ.

"ಅರ್ಧ ಉಣ್ಣೆ ಕತ್ತರಿಸಿ ಓಡಿಸಿದ ಕುರಿ ಥರ ಇದೆ. ಬೇಕಂತಲೇ ಮಾಡಿದ್ರಾ?"

"ಟಿಟ್ಟಿಭ ಹಕ್ಕಿ ಕೂತಿದೆ ಅಲ್ಲಿ. ಕಾವು ಕೊಡ್ತಿದೆ."

"ಮೊಟ್ಟೆ ಎತ್ತಿ ಬೇಲಿ ಪಕ್ಕ ಇಡಿ."

"ಒಪ್ಪಲ್ಲ ಅದು. ಇಟ್ಟ ಜಾಗದಲ್ಲೇ ಇರ್ಬೇಕು ಅದಕ್ಕೆ."

"ಹಕ್ಕಿಗಾದ್ರೆ ಇರು ಅಂತೀರಿ..."

ಮಾತು ಬಾಯಿ ಜಾರಿತ್ತು. ಕ್ಲೆಮ್ ಟೋಪಿ ತೆಗೆದು ಅದರ ಅಂಚನ್ನೇ ನೋಡುತ್ತ ಕೂತ. ಅಷ್ಟರಲ್ಲಿ ಕಾರು ಬಂತು.

ಕೊಳ್ಳಲು ಬಂದ ಗಂಡ ಹೆಂಡತಿ ನೇರ ಹಿತ್ತಿಲಿಗೇ ನುಗ್ಗಿದರು. ಟಿಟ್ಟಿಭ ಕಿರುಚುತ್ತ ಎದ್ದು ಅವರ ತಲೆಯ ಮೇಲೇ ಎರಗಿತು. ಅವರೊಂದಿಗೆ ಬಂದ ಏಜೆಂಟ್ ಕೈಚೀಲ ತಲೆಗೆ ಹಿಡಿದು ಓಡಿದಳು. ಮೂವರೂ ಕಾರು ಸೇರಿ ಬಾಗಿಲು ಹಾಕಿಕೊಂಡರು.

ಗಂಡ ಕಿಟಕಿ ಇಳಿಸಿದ. "ಜಾಗ ಒಪ್ಪಿಗೆ. ಈ ಹಳೇ ಮನೆ ಕೆಡವಿ ನಾಲ್ಕು ಮನೆ ಎಬ್ಬಿಸ್ತೀವಿ. ಹಕ್ಕಿ ಏನು ಮಾಡುತ್ತೋ ನೋಡೋಣ. ಹೂಂ ಅಂತೀರಾ?"

ಮೆರಿನ್ ಕ್ಲೆಮ್‌ನ ಕಡೆ ತಿರುಗಿದಳು.

"ಏನು ಹೇಳಲಿ?"

"ಮನೆ ನಿಮ್ಮದು."

"ನಿಮ್ಮನ್ನ ಕೇಳ್ತಿದೀನಿ."

ಅವನು ಗಾಡಿಯಿಂದಿಳಿದ. "ಮಾರ್ತೀನಿ ಅಂದ್ರಿ. ತಡೆಯೋಕೆ ನಾನ್ಯಾರು? ಕೇಳಿದ್ದಕ್ಕೆ ಕೈ ಜೋಡಿಸಿದೆ. ನನಗೆ ಬರೋದು ಅದೊಂದೇ..."

"ಮತ್ತೆ ಮನಸ್ಸಲ್ಲಿ?"

ಅವನು ಟೋಪಿಯನ್ನು ಗಾಡಿಯ ಸೀಟಿನ ಮೇಲಿಟ್ಟ.

"ಹೋಗ್ಬೇಡಿ ಅಂತಿತ್ತು. ಮೊದಲಿಂದಲೂ ಅದೇ ಇತ್ತು."

ಅವಳು ಮನೆಯ ಮೆಟ್ಟಿಲ ಕಡೆ ನೋಡಿದಳು. ಚಳಿಗಾಲವಿಡೀ ಮೆಟ್ಟಿಲ ಬಳಿ ಸೌದೆ ಒಟ್ಟಿಟ್ಟವನು ಇವನೇ. ಕೇಳುವ ಮೊದಲೇ ಸೂರಂಚಿನ ದೋಣಿ ತೊಳೆದು ಮಳೆನೀರು ತೊಟ್ಟಿಗೆ ಸರಿಯಾಗಿ ಬೀಳುವಂತೆ ಮಾಡಿದವನು. ಚಿಕ್ಕಮ್ಮ ತೀರಿದ ವಾರ ಕುರಿಮಾಂಸದ ಸಾರು ಬಾಗಿಲಲ್ಲಿಟ್ಟು ಸದ್ದಿಲ್ಲದೆ ಹೋದವನು. ಇವೆಲ್ಲ ನೆರೆಹೊರೆಯ ಪದ್ಧತಿ ಅಂದುಕೊಂಡಿದ್ದೆನಲ್ಲ... ಎಷ್ಟೊಂದು ಪಡೆದಿದ್ದೇನೆ ನಾನು!

ಕಾರಿನ ಬಳಿ ಹೋಗಿ ಹೇಳಿದಳು. "ಕ್ಷಮಿಸಿ, ಮಾರಲ್ಲ."

"ಯೋಚನೆ ಮಾಡಿ ಹೇಳಿ," ಎಂದಳು ಏಜೆಂಟ್.

"ವರ್ಷದಿಂದ ಅದೇ ಮಾಡಿದ್ದು."

ಕಾರು ಧೂಳೆಬ್ಬಿಸಿ ಹೋಯಿತು. ಮೆರಿನ್ ಮರಳಿ ಬಂದು ಅವನ ಹತ್ತಿರ, ತೋಳಿಗೆ ತೋಳು ತಾಗುವಷ್ಟು ಹತ್ತಿರ ನಿಂತಳು.

"ಥ್ಯಾಂಕ್ಸ್, ಕ್ಲೆಮ್."

"ಹುಲ್ಲು ತಾನೇ, ಬಿಡಿ."

"ಹುಲ್ಲಿಗಲ್ಲ ಕಣೋ."

ಆ 'ಕಣೋ' ಅವನ ಕಿವಿಯವರೆಗೂ ಕೆಂಪೇರಿಸಿತು.

"ಮತ್ತೆ ಯಾತಕ್ಕೆ?"

"ಬಾಯಿ ಬಿಟ್ಟಿದ್ದಕ್ಕೆ."