ಹನ್ನೆರಡು ನಿಮಿಷದ ಗ್ರಹ

ಕರ್ತೃತ್ವ ತುಲಾಯಂತ್ರವು ಕೆಂಚನಗುಡ್ಡದ ವೀಕ್ಷಣಾಲಯದ ಲೇಖನವನ್ನು ಮೂರು ನಿಮಿಷ ತೂಗಿ, ಪರದೆಯ ಮೇಲೆ ನಾಲ್ಕು ಹೆಸರು ಬರೆಯಿತು. ಮೊದಲನೆಯದು ಖಗೋಳ ವಿಜ್ಞಾನಿ ಡಾ. ಸುನಂದಾ ಹಿತ್ತಲಮನಿ. ಎರಡನೆಯದು ಚಿಲಿ ದೇಶದ ವೀಕ್ಷಕ ಇಗ್ನಾಸಿಯೊ. ಮೂರನೆಯದು ಜಪಾನಿನ ವೀಕ್ಷಕಿ ಮಿನೆಕೊ. ನಾಲ್ಕನೆಯದು ಗುರಸಿದ್ದವ್ವ, ನಿವೃತ್ತ ಅಡುಗೆಯವರು.

ಈ ಯಂತ್ರ ಬಂದು ಆಗ ಆರು ವರ್ಷವಾಗಿತ್ತು. ಅದಕ್ಕೂ ಮೊದಲು, ಲೇಖನಕ್ಕೆ ಯಾರ ಯಾರ ಹೆಸರು ಹಾಕಬೇಕೆಂದು ದೊಡ್ಡ ದೊಡ್ಡವರೇ ಜಗಳಾಡುತ್ತಿದ್ದರು. ದುಡಿದವರು ಕೊನೆಯಲ್ಲಿ, ಕುರ್ಚಿಯಲ್ಲಿ ಕೂತವರು ಮೊದಲಲ್ಲಿ. ಯಂತ್ರ ಬಂದ ಮೇಲೆ ಆ ರಗಳೆ ನಿಂತಿತು. ಅದು ವೀಕ್ಷಣೆಯ ದಿನಚರಿ, ಪತ್ರ, ಟಿಪ್ಪಣಿ ಎಲ್ಲವನ್ನೂ ಓದಿ, ಯಾರ ಪಾಲು ಎಷ್ಟೆಂದು ತಾನೇ ತೂಗುತ್ತಿತ್ತು. ಒಂದೇ ಷರತ್ತು. ಹೆಸರು ಬಂದವರು ಲೇಖನದಲ್ಲಿ ಏನಿದೆಯೆಂದು ತಮ್ಮ ಮಾತಿನಲ್ಲಿ ಹೇಳಿ ಹೆಬ್ಬೆಟ್ಟು ಒತ್ತಬೇಕು. ಒಬ್ಬರು ಒತ್ತದಿದ್ದರೂ ಲೇಖನ ಹೊರಗೆ ಹೋಗದು.

ಲೇಖನವೇನು ಸಣ್ಣದಲ್ಲ. ಸುನಂದಾ ಮೂವತ್ತು ವರ್ಷ ನೋಡಿದ ನಕ್ಷತ್ರಕ್ಕೆ ಒಂದು ಗ್ರಹವಿರುವುದು ಎಲ್ಲರಿಗೂ ಗೊತ್ತಿತ್ತು. ಎರಡನೆಯದೂ ಇದೆ ಎಂದು ಅವರು ಈಗ ಹೇಳಹೊರಟಿದ್ದರು. ಸಂಜೆ ನಾಲ್ಕಕ್ಕೆ ಆರು ದೇಶಗಳ ಸಭೆ. ಆ ದೇಶಗಳು ಕೂಡಿ ಕಟ್ಟುವ ಹೊಸ ದೂರದರ್ಶಕಕ್ಕೆ ಯಾರು ಮುಖ್ಯಸ್ಥರಾಗಬೇಕೆಂಬುದು ಈ ಗ್ರಹದ ಮೇಲೆ ನಿಂತಿತ್ತು.

ಮಧ್ಯಾಹ್ನ ಎರಡಕ್ಕೆ ಜೀಪು ಹೋಗಿ ಗುರಸಿದ್ದವ್ವನನ್ನು ಬೆಟ್ಟಕ್ಕೆ ಕರೆತಂದಿತು.

"ಬಾಯಾರ, ನಾ ರೊಟ್ಟಿ ಬಡದಾಕಿ. ನನ್ನ ಹೆಸರು ಯಾಕ ಬಂತು?" ಎಂದು ಅವರು ಸುನಂದಾ ಅವರನ್ನು ಕೇಳಿದರು.

"ನೆನಪಿದೆಯಾ, ಸಿಡಿಲು ಬಡಿದು ನಮ್ಮ ಸೂಕ್ಷ್ಮ ಗಡಿಯಾರ ಸುಟ್ಟಿತ್ತಲ್ಲ? ಹದಿನಾಲ್ಕು ತಿಂಗಳು ಹೊಸದು ಬರಲೇ ಇಲ್ಲ. ಬೆಟ್ಟದ ಮೇಲೆ ಮೊಬೈಲು ಕೂಡದು. ಸರ್ಕಾರಿ ಮುದ್ರೆ ಇದ್ದ ಗಡಿಯಾರದ ವೇಳೆಯನ್ನೇ ಬರೆಯಬೇಕೆಂದು ನಿಯಮ. ಉಳಿದದ್ದು ನಿಮ್ಮ ಅಡುಗೆಮನೆಯ ಗೋಡೆ ಗಡಿಯಾರ ಒಂದೇ. ನಾವು ಒಳಫೋನಿನಲ್ಲಿ ಕೇಳುತ್ತಿದ್ದೆವು, ನೀವು ಹೇಳುತ್ತಿದ್ದಿರಿ."

"ಹೌದು ನೋಡ್ರಿ! ಚಾ ಕುದಸ್ಕೋತ ಹೇಳತಿದ್ದೆ." ಗುರಸಿದ್ದವ್ವ ಹಿಗ್ಗಿದರು. "ಅದರಾಗ ಏನು ಸಿಕ್ಕತು?"

ಸುನಂದಾ ಪರದೆಯ ಮೇಲೆ ಬೆಳಕಿನ ಗೆರೆ ತೋರಿಸಿದರು. "ಕಂದೀಲಿನ ಮುಂದೆ ನೊಣ ಹಾದರೆ ಬೆಳಕು ಚೂರು ಕಡಿಮೆಯಾಗುತ್ತದಲ್ಲ? ಗ್ರಹ ನಕ್ಷತ್ರದ ಮುಂದೆ ಹಾದಾಗಲೂ ಹಾಗೆ. ನಮ್ಮ ಗ್ರಹ ಹನ್ನೊಂದು ದಿನಕ್ಕೊಮ್ಮೆ ಸರಿಯಾದ ವೇಳೆಗೆ ಹಾಯುತ್ತದೆ. ಆ ಹದಿನಾಲ್ಕು ತಿಂಗಳು ಮಾತ್ರ ಪ್ರತಿಸಲ ತಡ. ಅಂದರೆ ಪಕ್ಕದಲ್ಲಿ ಕಾಣದ ಇನ್ನೊಂದು ಗ್ರಹ ಅದನ್ನು ಎಳೆದಿದೆ."

"ಬ್ಯಾರೆ ಊರಾಗಿನವರೂ ನೋಡ್ಯಾರೇನ್ರಿ?"

"ಅವರು ನೋಡಿದ್ದು ಮೊದಲು ಮತ್ತು ಆಮೇಲೆ. ಆ ಹದಿನಾಲ್ಕು ತಿಂಗಳು ನಾವೊಬ್ಬರೇ."

"ಎಷ್ಟು ತಡ?"

"ಹನ್ನೆರಡು ನಿಮಿಷ."

ಗುರಸಿದ್ದವ್ವ ಒತ್ತಲೆಂದು ಚಾಚಿದ್ದ ಹೆಬ್ಬೆಟ್ಟನ್ನು ಯಂತ್ರದಿಂದ ಹಿಂದಕ್ಕೆ ಎಳೆದುಕೊಂಡರು. ಸೆರಗು ಸರಿಪಡಿಸಿಕೊಂಡರು.

"ಬಾಯಾರ, ಬೈಬ್ಯಾಡ್ರಿ. ಆಫೀಸಿನ ಮಂದಿ ಹರಟಿ ಹೊಡಕೋತ ಕುಂತು ಐದೂ ಮುಕ್ಕಾಲಿನ ಬಸ್ ಬಿಡತಿದ್ರು. ಆಮ್ಯಾಲ ಎಂಟ್ಹತ್ತು ಮಂದಿಗೆ ಹೆಚ್ಚಿಗಿ ರೊಟ್ಟಿ ನಾನ ಬಡೀಬೇಕು. ಅದಕ್ಕ ಗಡಿಯಾರ ಹನ್ನೆರಡು ನಿಮಿಷ ಮುಂದ ಇಟ್ಟಿದ್ದೆ."

"ಯಾರಿಗೂ ಹೇಳಲಿಲ್ಲವೇ?"

"ಹೇಳಿದ್ರ ಅಷ್ಟು ಕಳದು ಮತ್ತ ಹರಟಿಗೆ ಕುಂಡ್ರತಿದ್ರಲ್ರಿ!"

ಸುನಂದಾ ಪರದೆಯನ್ನು ನೋಡಿದರು. ಆ ತಿಂಗಳುಗಳ ವೇಳೆಯಿಂದ ಹನ್ನೆರಡು ನಿಮಿಷ ಕಳೆದರು. ಬೆಳಕಿನ ಗೆರೆಗಳೆಲ್ಲ ಒಂದರ ಮೇಲೊಂದು ಕೂತವು. ಎರಡನೆಯ ಗ್ರಹ ಹೋಗಿಯೇ ಹೋಯಿತು.

"ನಿಮಗ ಕೆಟ್ಟದಾತೇನ್ರಿ?" ಗುರಸಿದ್ದವ್ವನ ದನಿ ಸಣ್ಣದಾಗಿತ್ತು. "ನಾ ಬಾಯಿ ಮುಚ್ಚಿಕೊಂಡು ಒತ್ತಿಬಿಡ್ಲೇನು?"

"ಬೇಡ. ಒಂದು ಕಪ್ ಚಾ ಮಾಡಿಕೊಡಿ. ನಾಲ್ಕಕ್ಕೆ ನಾನೇ ಹೇಳುತ್ತೇನೆ."

ಹೇಳಿದರು. ಆರು ದೇಶಗಳವರು ಪರದೆಗಳಲ್ಲಿ ಕೂತು ಕೇಳಿದರು. ಮೊದಲು ನಕ್ಕವನು ಇಗ್ನಾಸಿಯೊ. ನಕ್ಕು, ಥಟ್ಟನೆ ನಿಲ್ಲಿಸಿ, "ನಮ್ಮ ಬೆಟ್ಟದ ಕಾವಲುಗಾರನನ್ನು ಒಂದು ಮಾತು ಕೇಳಿ ಬರುತ್ತೇನೆ," ಎಂದು ಎದ್ದುಹೋದ. ಮಿನೆಕೊ ಕೂಡ ಕ್ಷಮೆ ಕೇಳಿ ಎದ್ದರು.

ಯಂತ್ರ ಕಟ್ಟಿದವರಿಗೆ ಇದು ಹೊಳೆದಿರಲಿಲ್ಲ. ಹೆಸರಿನ ಜಗಳ ಬಿಡಿಸಲಿ ಎಂದಷ್ಟೇ ಕಟ್ಟಿದ್ದರು. ಈಗ ಲೋಕದ ವೀಕ್ಷಣಾಲಯಗಳೆಲ್ಲ ತಮ್ಮ ಅಡುಗೆಯವರನ್ನು, ಡ್ರೈವರುಗಳನ್ನು, ಕಸ ಗುಡಿಸುವವರನ್ನು ಹುಡುಕಿ ಕೂರಿಸಿಕೊಂಡು ಕೇಳತೊಡಗಿದವು. ಒಂದು ಕಡೆ ಕಾವಲುಗಾರ ಚಳಿಗೆ ಹೀಟರನ್ನು ಗುಮ್ಮಟದೊಳಗೆ ಇಟ್ಟು, ಬಿಸಿಗಾಳಿಗೆ ನಕ್ಷತ್ರದ ಬೆಳಕು ಅಲುಗುವಂತೆ ಮಾಡಿದ್ದ. ಇನ್ನೊಂದು ಕಡೆ ಮುದುಕಿಯೊಬ್ಬಳು ಕನ್ನಡಿಯನ್ನು ಸೀಗೆಕಾಯಿಯಂಥ ಯಾವುದೋ ಪುಡಿಯಿಂದ ತೊಳೆದಿದ್ದಳು. ಒಂದೇ ವರ್ಷದಲ್ಲಿ ಹದಿನೇಳು ಗ್ರಹಗಳು ಪಟ್ಟಿಯಿಂದ ಬಿದ್ದವು. ಉಳಿದವನ್ನು ಮಾತ್ರ ಇನ್ನು ಯಾರೂ ಅನುಮಾನಿಸುವಂತಿರಲಿಲ್ಲ.

ಹೊಸ ದೂರದರ್ಶಕಕ್ಕೆ ಸುನಂದಾ ಅವರೇ ಮುಖ್ಯಸ್ಥೆಯಾದರು. ಕೈಗೆ ಬಂದ ಗ್ರಹವನ್ನು ಎರಡೇ ತಾಸಿನಲ್ಲಿ ಬಿಟ್ಟುಕೊಟ್ಟವರ ಮಾತನ್ನು ನಂಬಬಹುದೆಂದು ಆರು ದೇಶಗಳೂ ಒಪ್ಪಿದವು. ಎರಡನೆಯ ಗ್ರಹ ಇಲ್ಲವೆಂದು ತಿದ್ದಿದ ಲೇಖನವನ್ನು ಯಂತ್ರ ಮತ್ತೆ ತೂಗಿತು. ಗುರಸಿದ್ದವ್ವನ ಹೆಸರು ಮೊದಲಿಗೆ ಬಂತು.

ಅವರು ಹೆಬ್ಬೆಟ್ಟು ಒತ್ತಲು ಬಂದ ದಿನ, ಒತ್ತುವ ಮೊದಲು ತಡೆದು ಕೇಳಿದರು:

"ಬಾಯಾರ, ಆ ಹದಿನೇಳರಾಗ ಮಂದಿ ಇದ್ದಿದ್ದಿಲ್ಲ, ಹೌದಲ್ರಿ?"

"ಇರಲಿಲ್ಲ, ಗುರಸಿದ್ದವ್ವ."

"ಖರೇನ?"

"ಖರೇನೇ."

"ಹಂಗಾರ ಛಲೋ ಆತು," ಎಂದು ಒತ್ತಿದರು.