ಹತ್ತಿಕಡ್ಡಿಯ ಕೊಟ್ಟಿಗೆಯಲ್ಲಿ

ಫೆಬ್ರವರಿ 11, ಬೆಳಿಗ್ಗೆ ಎಂಟು ಗಂಟೆ. ವಖ್ಶ್ ನದಿ ಬಯಲಿನ ಠಾಣೆಗೆ ಸಾನವ್ಬರ್ ಎಂಬ ವಿಧವೆ ಏದುಸಿರು ಬಿಡುತ್ತ ಬಂದಳು.

"ಮಗನ್ನ ಕೊಂದ್ಹಾಕಿದಾರೆ ಸಾಹೇಬ್ರೇ. ಕಳ್ಳರು."

ಇನ್‌ಸ್ಪೆಕ್ಟರ್ ಹೊಲ್ಮುರೋದ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೇಬಲ್ ತೋಜಿನಿಸೊಳನ್ನು ಕರೆದುಕೊಂಡು ಹೊರಟ.

ಮಗ ಇಕ್ರೋಮ್ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದು, ರಕ್ತ ಹುಲ್ಲಿಗಿಳಿದು ಹೆಪ್ಪುಗಟ್ಟಿತ್ತು. ಹಸು ಬೆದರಿ ಹಗ್ಗ ಜಗ್ಗುತ್ತಿತ್ತು. ಪಕ್ಕದಲ್ಲಿ, ಒಲೆಗೆ ಹತ್ತಿಕಡ್ಡಿ ಕಡಿಯುವ ಕೊಡಲಿ. ಹೆಣದ ಮುಷ್ಟಿಯಲ್ಲಿ ಬುಡಸಮೇತ ಕಿತ್ತುಬಂದ ಉದ್ದ ಕೂದಲು.

ಪಂಚನಾಮೆ ಬರೆಸುತ್ತ ಹೊಲ್ಮುರೋದ್ ಕೇಳಿದ. "ಸೊಸೆ ಎಲ್ಲಿ?"

"ತವರಿಗೆ ಹೋಗಿದಾಳೆ."

"ಯಾವಾಗ?"

ಸಾನವ್ಬರ್ ಕಣ್ಣು ಕೊಟ್ಟಿಗೆಯ ಹಿಂದಕ್ಕೆ ಹೋಗಿ ಬಂತು.

ಕೊಟ್ಟಿಗೆಯ ಹಿಂದೆ, ಕಡ್ಡಿಯ ಬಣವೆಯ ಸಂದಿನಿಂದ ತೋಜಿನಿಸೊ ಸೊಸೆಯನ್ನು ಎಳೆದು ತಂದಳು. ಮಾಹಿನಾ, ಹದಿನೈದು ವರ್ಷ. ಕತ್ತಿನ ಮೇಲೆ ಬೆರಳುಗಳ ನೀಲಿ ಗುರುತು. ಮುರಿದ ಬಲಗೈಗೆ ದಬ್ಬೆ ಕಟ್ಟಿತ್ತು.

"ನಾನೇ ಹೊಡೆದೆ," ಎಂದಳು.

"ಅವನೇನು ಮಾಡ್ತಿದ್ದ?"

"ಗಂಟಲು ಹಿಸುಕ್ತಿದ್ದ."

"ಎದುರಿಗೆ ನಿಂತು?"

"ಹೂಂ."

"ಮತ್ತೆ ಏಟು ಹಿಂದಿನಿಂದ ಹ್ಯಾಗೆ ಬಿತ್ತು ಮಗಾ?"

ಹುಡುಗಿ ಅತ್ತೆಯ ಮುಖ ನೋಡಿದಳು.

"ಆ ಕೂಸನ್ನ ಯಾಕೆ ಗೋಳು ಹೊಯ್ಕೋತೀರಿ?" ಸಾನವ್ಬರ್ ಮುಂದೆ ಬಂದಳು. "ನಾನೇ ಹೊಡೆದದ್ದು. ಒಂದೇಟಿಗೆ ಬಿಡ್ಲಿಲ್ಲ ಅವನು. ಇನ್ನೊಂದು ಹಾಕ್ದೆ."

ಹೇಳಿಕೆ ಅಲ್ಲೇ ಪಡೆದರು. ಮಾಹಿನಾಳ ಅಪ್ಪ ದುಡಿಯಲು ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಗಂಡು ದಿಕ್ಕಿಲ್ಲದ ಮನೆಯಲ್ಲಿ ಬೆಳೆದ ಹುಡುಗಿ ಎಂದು ಕೇರಿ ಆಡಿಕೊಂಡಿತು. ತಾಯಿ ಹೆದರಿ, ಒಂಬತ್ತನೇ ಕ್ಲಾಸು ಬಿಡಿಸಿ, ಮುಲ್ಲಾನನ್ನು ಮನೆಗೇ ಕರೆಸಿ ನಿಕಾ ಮುಗಿಸಿದಳು. ನೋಂದಣಿ ಕಚೇರಿಯ ಬಾಗಿಲಿಗೂ ಹೋಗಲಿಲ್ಲ.

"ಹೆಣ್ಣು ಕೇಳೋಕೆ ನಾನೇ ಹೋಗಿದ್ದೆ," ಎಂದಳು ಸಾನವ್ಬರ್. "ಚಿಕ್ಕವಳಾದ್ರೆ ಹೇಳಿದ್ದು ಕೇಳ್ತಾಳೆ ಅಂತ."

"ಕೈ ಮುರಿದಾಗ ಬಿಡಿಸ್ಲಿಲ್ಲ ಯಾಕಮ್ಮ?"

"ನಾನು ಹದಿನಾಲ್ಕಕ್ಕೆ ಬಂದವಳು ಈ ಮನೆಗೆ. ಸೊಸೆ ಅಂದ್ಮೇಲೆ ಏಟು ತಿನ್ನೋದೇ ಅಂದ್ಕೊಂಡಿದ್ದೆ."

"ಇವತ್ತೇನಾಯ್ತು?"

"ಹೆತ್ತವ್ವನ್ನ ಕರೀಲಿಲ್ಲ ಸಾಹೇಬ್ರೇ ಅವಳು. ಅತ್ತೇ, ಅತ್ತೇ ಅಂತ ನನ್ನನ್ನೇ ಕರೆದ್ಲು."

ಹನ್ನೊಂದಕ್ಕೆ ಬಂಧನವಾಯಿತು. ಜೀಪು ಹತ್ತುವಾಗ ಸಾನವ್ಬರ್ ಮಗನ ಹೆಣದತ್ತ ತಿರುಗಿ ಒಮ್ಮೆ ಗಟ್ಟಿಯಾಗಿ ಅತ್ತಳು. ದಾರಿಯಲ್ಲಿ ತೋಜಿನಿಸೊಗೆ ಒಂದೇ ಮಾತು ಹೇಳಿದಳು. ಮದುವೆಯಾದ ಹೊಸತರಲ್ಲಿ ಗಂಡ ಅದೇ ಕೊಟ್ಟಿಗೆಯಲ್ಲಿ ಕೆಡವಿ ತುಳಿದಾಗ ತಾನೂ ಅತ್ತೆಯನ್ನು ಕರೆದಿದ್ದಳಂತೆ. ಅತ್ತೆ ಅಂಗಳದಲ್ಲೇ ಇದ್ದಳು. ರೊಟ್ಟಿ ಬೇಯಿಸುತ್ತಲೇ ಇದ್ದಳು.