ಹಿಂದಿನ ಸೀಟಿನ ತೂಕ

ಕಂಡದ್ದನ್ನಷ್ಟೇ ಹೇಳುತ್ತೇನೆ, ಅರ್ಥ ದೇವರಿಗೆ ಬಿಟ್ಟದ್ದು.

ಸಾವಿರದ ಒಂಬೈನೂರ ನಲವತ್ತೊಂದರ ಜನವರಿ. ಜರ್ಮನಿಯ ಪೊಮೆರೇನಿಯಾ ಪ್ರಾಂತ್ಯದ ವಿಮಾನದಳವೊಂದರಲ್ಲಿ ನಾನು ಮೆಕ್ಯಾನಿಕ್. ನಮ್ಮ ಕರ್ನಲ್ ಲೂಡೆಕೆ ಮೊದಲ ಮಹಾಯುದ್ಧದಲ್ಲಿ ಹಿಂದಿನ ಸೀಟಿನಲ್ಲಿ ಕೂತು ಶತ್ರುಗಳ ನೆಲೆ ಗುರುತಿಸುತ್ತಿದ್ದವರು. ಮುಂದೆ ಕೂತು ವಿಮಾನ ನಡೆಸುತ್ತಿದ್ದ ಸಾರ್ಜೆಂಟ್ ಕ್ರೂಲ್ ಆ ಯುದ್ಧದಲ್ಲೇ ಸತ್ತಿದ್ದ.

ಎರಡು ಸೀಟಿನ ನಮ್ಮ ಪುಟ್ಟ ವಿಮಾನವನ್ನು ಒಬ್ಬರೇ ಹಾರಿಸುವಾಗ ಹಿಂದೆ ಮರಳಿನ ಚೀಲ ಕಟ್ಟಬೇಕು. ಇಲ್ಲದಿದ್ದರೆ ಇಳಿಯುವಾಗ ಮೂತಿ ನೆಲಕ್ಕೆ ಬಡಿಯುತ್ತದೆ, ತೂಕದ ಹಾಳೆಗೆ ಸಹಿ ಹಾಕಿದ ಮೆಕ್ಯಾನಿಕ್ ಜೈಲಿಗೆ ಹೋಗುತ್ತಾನೆ. ಅಂದು ಬೆಳಿಗ್ಗೆ ನಾನು ಚೀಲ ತಂದಾಗ ಕರ್ನಲ್ ಮುಂದಿನ ಸೀಟಿನಿಂದಲೇ ತಡೆದರು.

"ಬೇಡ ಕಣಯ್ಯಾ ಯೋಸ್ಟ್, ಕ್ರೂಲ್ ಬಂದಾಗಿದೆ. ಆಗ ಅವನು ಓಡಿಸ್ತಿದ್ದ, ನಾನು ಹಿಂದೆ ಕೂತು ಬೈತಿದ್ದೆ. ಈಗ ಬೈಯೋ ಸರದಿ ಅವನ್ದು."

"ಅವರು ಬೈದು ಸುಮ್ನಾಗ್ತಾರೆ ಸಾಹೇಬ್ರೆ. ಜೈಲಿಗೆ ಹೋಗೋನು ನಾನು."

"ಹಾಗಾದ್ರೆ ತೂಗಿ ನೋಡು."

ಸ್ಪ್ಯಾನರ್ ಬೆರಳಿಗೆ ಅಂಟುವಂಥ ಚಳಿಯಲ್ಲಿ ಹಿಂದಿನ ಸೀಟಿನ ತೊಗಲು ಬೆಚ್ಚಗಿತ್ತು. ಟರ್ನಿಪ್ ಗಡ್ಡೆ ಬೆರೆಸಿದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಹಿಂದಿನ ಯುದ್ಧದ ಹಸಿವಿನ ಚಳಿಗಾಲದಲ್ಲಿ ನಮ್ಮಮ್ಮ ಸುಡುತ್ತಿದ್ದ ಬ್ರೆಡ್ಡು ಅದು. ವಿಮಾನದ ಬಾಲದಡಿ ತೂಕದ ಯಂತ್ರ ಇಟ್ಟು ಮೂರು ಸಲ ತೂಗಿದೆ. ಮೂರು ಸಲವೂ ಚೀಲ ಕಟ್ಟಿದಾಗ ಬರುವಷ್ಟೇ ತೂಕ ಬಂತು.

ಹಾಳೆಯಲ್ಲಿ 'ಹಿಂದಿನ ಸೀಟು' ಎಂಬುದರ ಮುಂದೆ ಮರಳು ಎಂದು ಬರೆದರೆ ಸುಳ್ಳು, ಖಾಲಿ ಎಂದರೂ ಸುಳ್ಳು. ದೇವರನ್ನು ನೆನೆದು 'ಒಬ್ಬರು' ಎಂದು ಬರೆದು ಸಹಿ ಹಾಕಿದೆ.

ವಿಮಾನ ಹಾರಿ, ಮೂತಿ ಅಲುಗದಂತೆ ಇಳಿಯಿತು. ಕರ್ನಲ್ ಊಟಕ್ಕೆ ಹೋದರು. ನಾನು ಬಾಲದಡಿ ಮತ್ತೆ ತೂಕದ ಯಂತ್ರ ಇಟ್ಟೆ.

ಹಿಂದೆ ಕೂತವರು ಇನ್ನೂ ಇಳಿದಿರಲಿಲ್ಲ.